ಯಾವ ನಾಳ ಕಟ್ಟಿದರೆ ಯಾವ ಲಕ್ಷಣ: ಪಾರ್ಶ್ವವಾಯುವನ್ನು ಮನೆಯಲ್ಲೇ ಗುರುತಿಸಿ ಹೇಳುವ ಕ್ರಮ

ಅಡಿಕೆ ಸುಗ್ಗಿಯ ಒಂದು ರಾತ್ರಿ ಶಿರಸಿ ಸೀಮೆಯ ಮನೆಯೊಂದರಲ್ಲಿ ಏಳೆಂಟು ಮಂದಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತ ಕುಳಿತಿದ್ದಾಗ, ಅವರಲ್ಲಿ ಹಿರಿಯರಾದ ಹೆಂಗಸೊಬ್ಬರ ಎಡಗೈಯಿಂದ ಅಡಿಕೆ ಜಾರಿ ಬೀಳತೊಡಗಿತು. ಬಲಗೈ ಮಾತ್ರ ಎಂದಿನಂತೆ ರಾಶಿಗೆ ಹೋಗಿ ಇನ್ನೊಂದು ಕಾಯಿ ತರುತ್ತಿತ್ತು. ಸೊಸೆ ವಿಚಾರಿಸಿದರೆ "ಯಂಗೆ ಎಂತದೂ ಆಜಿಲ್ಲೆ" ಎಂದರು. ಎಡಗೈ ಎತ್ತಲು ಹೇಳಿದಾಗ ಬಲಗೈಯನ್ನೇ ಎತ್ತಿ ತೋರಿಸಿದರು. ಎಡಬದಿಯಲ್ಲಿ ನಿಂತು ಮಾತಾಡಿದ ಮಗನ ಕಡೆ ತಿರುಗಲೂ ಇಲ್ಲ; ಕಣ್ಣು ಎರಡೂ ಬಲಕ್ಕೆ ವಾಲಿದ್ದವು. ಉಳಿದವರು ದಣಿವೆಂದು ಚಾಪೆ ಹಾಸುವಷ್ಟರಲ್ಲಿ ಸೊಸೆ ಗಡಿಯಾರ ನೋಡಿ ನನಗೆ ಫೋನ್ ಮಾಡಿದರು: 8.10ಕ್ಕೆ ಊಟ ಮುಗಿಸಿ ಏಳುವಾಗ ಸರಿಯಿದ್ದರು, 8.50ಕ್ಕೆ ಕೈ ಜಾರಿತು, ಕಣ್ಣು ಬಲಕ್ಕೇ ನೋಡುತ್ತಿವೆ, ತನಗೆ ಏನೂ ಆಗಿಲ್ಲವೆನ್ನುತ್ತಾರೆ. ಈ ನಾಲ್ಕು ಮಾತಿನಿಂದಲೇ, ಮಿದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ನಡುಧಮನಿ ಬುಡದಲ್ಲೇ ಕಟ್ಟಿರಬಹುದೆಂದು ಊಹಿಸಿ ದೊಡ್ಡ ಆಸ್ಪತ್ರೆಗೆ ಮೊದಲೇ ತಿಳಿಸಲು ಸಾಧ್ಯವಾಯಿತು. ಅಲ್ಲಿ ತೆಗೆದ ಸಿ.ಟಿ. ಆಂಜಿಯೋಗ್ರಾಂ, ಎಂದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಅದನ್ನೇ ತೋರಿಸಿತು.

ಆ ಸೊಸೆ ವೈದ್ಯರಲ್ಲ. ನೋಡಬೇಕಾದುದನ್ನು ನೋಡಿದರು, ಕಂಡದ್ದನ್ನು ಕಂಡ ಹಾಗೆ ಹೇಳಿದರು. ಅದನ್ನು ಹೇಗೆ ಮಾಡುವುದು, ಕಂಡ ಒಂದೊಂದು ಲಕ್ಷಣದ ಹಿಂದೆ ಯಾವ ನಾಳವಿರುತ್ತದೆ ಎಂಬುದನ್ನು ಕರಾವಳಿಯಲ್ಲಿ ಬಹಳ ವರ್ಷ ರೋಗಿಗಳನ್ನು ನೋಡಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ. ಮೊದಲಿಗೇ ಒಂದು ಎಚ್ಚರಿಕೆ: ಸಂಶಯ ಬಂದ ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ವಾಹನ ಹೊರಡಿಸಬೇಕು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ವಾಹನ ಬರುವ ಮೊದಲಿನ ಎರಡು ಮೂರು ನಿಮಿಷಗಳ ಕೆಲಸ; ಅವುಗಳಿಗಾಗಿ ಹೊರಡುವುದನ್ನು ತಡಮಾಡಬಾರದು.

ಮಿದುಳಿನ ನೀರಾವರಿ

ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಯಾವ ಸಾಲಿನ ಮರ ಸೊರಗಿದೆ ಎಂದು ನೋಡಿದರೆ ಯಾವ ಪೈಪಿನಲ್ಲಿ ಕಸ ಕಟ್ಟಿದೆ ಎಂದು ಅವರು ಬಗ್ಗಿ ನೋಡದೆಯೇ ಹೇಳುತ್ತಾರೆ. ಮಿದುಳಿನಲ್ಲೂ ಒಂದೊಂದು ನಾಳಕ್ಕೆ ಒಂದೊಂದು ಸೀಮೆಯಿದೆ, ಒಂದೊಂದು ಸೀಮೆಗೆ ಒಂದೊಂದು ಕೆಲಸವಿದೆ.

ಕತ್ತಿನ ಮುಂಭಾಗದಲ್ಲಿ, ಕೈಯಿಟ್ಟರೆ ಮಿಡಿತ ಸಿಗುವ ಎರಡು ಕೆರೋಟಿಡ್ ಧಮನಿಗಳಿವೆ. ಹಿಂಭಾಗದಲ್ಲಿ ಕತ್ತಿನ ಮೂಳೆಗಳ ರಂಧ್ರಗಳೊಳಗಿಂದ ಹತ್ತುವ ಎರಡು ವರ್ಟಿಬ್ರಲ್ ಧಮನಿಗಳಿವೆ. ಕೆರೋಟಿಡ್ ತಲೆಬುರುಡೆಯೊಳಗೆ ಹೋದ ಮೇಲೆ ಮುಂಧಮನಿ ಮತ್ತು ನಡುಧಮನಿ ಎಂದು ಕವಲೊಡೆಯುತ್ತದೆ. ಎರಡು ವರ್ಟಿಬ್ರಲ್‌ಗಳು ಸೇರಿ ಬೇಸಿಲರ್ ಎಂಬ ಒಂದೇ ನಾಳವಾಗಿ, ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳುಕಾಂಡಕ್ಕೂ ಸಮತೋಲ ಕಾಯುವ ಕಿರುಮಿದುಳಿಗೂ ರಕ್ತ ಕೊಟ್ಟು, ಕೊನೆಯಲ್ಲಿ ಎರಡು ಹಿಂಧಮನಿಗಳಾಗಿ ಒಡೆಯುತ್ತದೆ. ಆಸ್ಪತ್ರೆಯ ವರದಿಗಳಲ್ಲಿ ಮುಂಧಮನಿಯನ್ನು ಎಸಿಎ, ನಡುಧಮನಿಯನ್ನು ಎಂಸಿಎ, ಹಿಂಧಮನಿಯನ್ನು ಪಿಸಿಎ ಎಂದು ಬರೆದಿರುತ್ತಾರೆ. ಮಿದುಳಿನ ತಳದಲ್ಲಿ ಇವೆಲ್ಲ ಸಣ್ಣ ಸಣ್ಣ ನಾಳಗಳಿಂದ ಒಂದಕ್ಕೊಂದು ಬೆಸೆದು ಬಳೆಯ ಆಕಾರದಲ್ಲಿರುತ್ತವೆ. 1664ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್‌ನ ಹೆಸರು ಆ ಬಳೆಗೆ ನಿಂತಿದೆ.

ಈ ಬಳೆ ಏಕೆ ಮುಖ್ಯವೆಂಬುದನ್ನು ನಮ್ಮ ಹೆದ್ದಾರಿಯೇ ಕಲಿಸಿದೆ. 2024ರ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಪಕ್ಕದಲ್ಲಿ ಹೊಸ ಸೇತುವೆಯಿದ್ದುದರಿಂದ ಗೋವಾದ ದಾರಿ ಉಳಿಯಿತು. ಅದಕ್ಕೆ ಮೂರು ವಾರ ಮೊದಲು ಅಂಕೋಲಾದ ಶಿರೂರಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡು ಗುಡ್ಡ ಕುಸಿದಾಗ ಹೆದ್ದಾರಿಗೆ ಪಕ್ಕದ ದಾರಿಯಿರಲಿಲ್ಲ. ಸಂಚಾರ ದಿನಗಟ್ಟಲೆ ನಿಂತಿತು. ಮಿದುಳಿನ ಬಳೆಯೂ ಎಲ್ಲರಲ್ಲಿ ಪೂರ್ತಿಯಾಗಿರುವುದಿಲ್ಲ. ಅದಕ್ಕಾಗಿಯೇ ಒಂದೇ ಕೆರೋಟಿಡ್ ಕಟ್ಟಿದರೂ ಒಬ್ಬರಿಗೆ ಏನೂ ಆಗದೆ, ಇನ್ನೊಬ್ಬರಿಗೆ ಅರ್ಧ ದೇಹ ಬಿದ್ದುಹೋಗುತ್ತದೆ. ಇನ್ನು ನಡುಧಮನಿಯಿಂದ ಮಿದುಳಿನ ಆಳಕ್ಕೆ ನೇರವಾಗಿ ಇಳಿಯುವ ಕೂದಲೆಳೆಯಂಥ ನಾಳಗಳಿಗೆ ಬದಲಿ ದಾರಿಯೆಂಬುದೇ ಇಲ್ಲ.

ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ 20ರಷ್ಟನ್ನು ತಾನೇ ಬಳಸುತ್ತದೆ, ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯಬೇಕು. ಅದು 20ಕ್ಕಿಂತ ಕೆಳಗಿಳಿದರೆ ಜೀವಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಸತ್ತಿರುವುದಿಲ್ಲ. 10ಕ್ಕಿಂತ ಕೆಳಗಾದರೆ ನಿಮಿಷಗಳಲ್ಲಿ ಸಾಯುತ್ತದೆ. ಎಲೆ ಬಾಡುವುದಕ್ಕೂ ಒಣಗುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಸತ್ತ ತಿರುಳಿನ ಸುತ್ತ ಬಾಡಿದ ಅಂಚಿರುತ್ತದೆ; ಚಿಕಿತ್ಸೆಯೆಂದರೆ ಆ ಅಂಚನ್ನು ಉಳಿಸಿಕೊಳ್ಳುವುದು. ನಡುಧಮನಿಯಂಥ ದೊಡ್ಡ ನಾಳ ಕಟ್ಟಿದಾಗ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವನ್ನು ವೈದ್ಯರು ಹೇಳುವುದು ಈ ಅಂಚಿನ ಕುರಿತಾಗಿಯೇ.

ಮೊದಲು ಗಡಿಯಾರ

ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ "ಯಾವಾಗ ಶುರುವಾಯಿತು" ಎಂಬಂತೆ ಕೇಳಿಸಿದರೂ ಅವರಿಗೆ ಬೇಕಾಗಿರುವುದು ಬೇರೆ: ರೋಗಿ ಕೊನೆಯ ಬಾರಿ ಪೂರ್ತಿ ಸರಿಯಾಗಿದ್ದುದನ್ನು ಯಾರು, ಎಷ್ಟು ಗಂಟೆಗೆ ನೋಡಿದರು? ರಾತ್ರಿ 10ಕ್ಕೆ ಮಲಗಿದವರು ಬೆಳಿಗ್ಗೆ 6ಕ್ಕೆ ಬಾಯಿ ಸೊಟ್ಟಗಾಗಿ ಎದ್ದರೆ ಲೆಕ್ಕ ಹಿಡಿಯಬೇಕಾದುದು ರಾತ್ರಿ 10ರಿಂದ. ನಡುವೆ 3 ಗಂಟೆಗೆ ಎದ್ದು ಬಚ್ಚಲಿಗೆ ಹೋಗಿ ಬಂದಿದ್ದರೆ, ಆಗ ಅವರು ನೆಟ್ಟಗೆ ನಡೆದದ್ದನ್ನು ಯಾರಾದರೂ ಕಂಡಿದ್ದರೆ, ಆ ಒಂದು ನೆನಪು ಚಿಕಿತ್ಸೆಯ ಬಾಗಿಲನ್ನೇ ತೆರೆಯಬಹುದು. ಯಕ್ಷಗಾನ ನೋಡಿ ಬೆಳಗಿನ ಜಾವಕ್ಕೆ ಬಂದವರಾದರೆ ಜತೆಗೆ ಬಂದವರಿಗೆ ಫೋನ್ ಮಾಡಿ ಕೇಳಿ. ವಾಟ್ಸಾಪಿನಲ್ಲಿ ಅವರು ಕಳುಹಿಸಿದ ಕೊನೆಯ ಸಂದೇಶ ನೆಟ್ಟಗಿದ್ದರೆ ಅದರ ಸಮಯವೂ ಒಂದು ಸಾಕ್ಷಿ.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಅವಧಿಯಲ್ಲೂ ಬೇಗ ಕೊಟ್ಟಷ್ಟು ಫಲ ಹೆಚ್ಚು. ತೊಡೆಯ ಅಥವಾ ಮಣಿಕಟ್ಟಿನ ನಾಳದ ಮೂಲಕ ಸಣ್ಣ ನಳಿಕೆ ಹಾಕಿ ದೊಡ್ಡ ನಾಳದ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಗೆ ಆರು ಗಂಟೆ, ಸ್ಕ್ಯಾನಿನಲ್ಲಿ ಉಳಿಸಬಹುದಾದ ಭಾಗ ಕಂಡರೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಅವಕಾಶವಿದೆ. ಆದ್ದರಿಂದ ಹೊತ್ತು ಮೀರಿತೆಂದು ಮನೆಯಲ್ಲೇ ತೀರ್ಮಾನಿಸಬಾರದು.

ಮುಖ, ಕೈ, ಕಾಲು: ಮೂರನ್ನೂ ಹೋಲಿಸಿ

ಹಲ್ಲು ಕಾಣುವಂತೆ ನಗಲು ಹೇಳಿ. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದೆ ಚಾಚಿಸಿ, ಹತ್ತು ಎಣಿಸಿ. ಸೋತ ಕೈ ನಿಧಾನವಾಗಿ ಒಳಮುಖವಾಗಿ ತಿರುಗುತ್ತ ಕೆಳಗಿಳಿಯುತ್ತದೆ. ಮಲಗಿಸಿ ಒಂದೊಂದೇ ಕಾಲನ್ನು ಎತ್ತಿಸಿ, ಐದು ಎಣಿಸಿ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಹೆಚ್ಚಿನವರು ನೋಡದೆ ಬಿಡುವುದು ಮೂರರಲ್ಲಿ ಯಾವುದು ಹೆಚ್ಚು ಸೋತಿದೆ ಎಂಬುದನ್ನು. ನಾಳದ ಗುರುತಿರುವುದು ಅಲ್ಲಿಯೇ.

ಮಿದುಳಿನ ಹೊರಪದರದಲ್ಲಿ ದೇಹದ ಚಿತ್ರ ತಲೆಕೆಳಗಾಗಿ ಬಿಡಿಸಿದಂತಿದೆ. ಕಾಲಿನ ಜಾಗ ಎರಡು ಅರೆಗೋಳಗಳ ನಡುವಿನ ಸಂದಿನಲ್ಲಿ, ಮುಂಧಮನಿಯ ಸೀಮೆಯಲ್ಲಿದೆ. ಕೈ ಮತ್ತು ಮುಖದ ಜಾಗ ಹೊರಮೈಯಲ್ಲಿ, ನಡುಧಮನಿಯ ಸೀಮೆಯಲ್ಲಿದೆ. ಹಾಗಾಗಿ ಮುಖ ಸೊಟ್ಟಗಾಗಿ ಕೈ ಬಿದ್ದು, ಕಾಲು ಅಷ್ಟಿಷ್ಟು ಉಳಿದಿದ್ದರೆ ಅದು ನಡುಧಮನಿಯ ಮಾತು. ಕೈಬೆರಳು ಚೆನ್ನಾಗಿ ಆಡುತ್ತಿದ್ದು ಒಂದು ಕಾಲು ಮಾತ್ರ ಮರದ ತುಂಡಿನಂತಾಗಿ, ಜತೆಗೆ ಮೂತ್ರ ತಿಳಿಯದೆ ಹೋಗಿ, ಮನುಷ್ಯ ಮಾತು ಕಡಿಮೆ ಮಾಡಿ ಯಾವುದೂ ಬೇಡವೆಂಬಂತೆ ಕುಳಿತುಬಿಟ್ಟರೆ ಅದು ಮುಂಧಮನಿ. ಇದು ಅಪರೂಪ, ಅಪರೂಪವಾದ್ದರಿಂದಲೇ ಸೊಂಟದ ನರವೆಂದು ಎಣ್ಣೆ ತಿಕ್ಕುತ್ತ ಎರಡು ದಿನ ಕಳೆದವರಿದ್ದಾರೆ.

ಮುಖ, ಕೈ, ಕಾಲು ಮೂರೂ ಒಂದೇ ಮಟ್ಟದಲ್ಲಿ ಸೋತಿದ್ದು, ಮಾತಿನ ಅರ್ಥ, ದೃಷ್ಟಿ, ಎಚ್ಚರ ಎಲ್ಲವೂ ಸರಿಯಿದ್ದರೆ ಹೆಪ್ಪು ಹೊರಗಿನ ದೊಡ್ಡ ಕೊಂಬೆಯಲ್ಲಿರುವ ಸಾಧ್ಯತೆ ಕಡಿಮೆ. ಹೊರಪದರದಲ್ಲಿ ಹರಡಿಕೊಂಡಿರುವ ನರತಂತುಗಳೆಲ್ಲ ಆಳಕ್ಕಿಳಿಯುವಾಗ ಕಂತೆ ಕಟ್ಟಿದ ಹುಲ್ಲಿನಂತೆ ಒಂದೆಡೆ ಸೇರುತ್ತವೆ. ಅಲ್ಲಿ ಕೂದಲೆಳೆಯಂಥ ಒಂದು ನಾಳ ಮುಚ್ಚಿದರೂ ಕಡಲೆಕಾಳಿನಷ್ಟು ಜಾಗ ಸತ್ತು ಅರ್ಧ ದೇಹವೇ ಬೀಳುತ್ತದೆ. ಬಹಳ ವರ್ಷಗಳ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಕಾಣುವುದು ಹೆಚ್ಚಾಗಿ ಇದು. ಕೆಲವೊಮ್ಮೆ ಬಲ ಪೂರ್ತಿಯಿದ್ದು ಅರ್ಧ ಮೈ ಮಾತ್ರ ಜೋಮು ಹಿಡಿಯುತ್ತದೆ. ಆಗ ಸ್ಪರ್ಶದ ಕಟ್ಟೆಯಾದ ಥಲಾಮಸ್‌ನ ಸಣ್ಣ ನಾಳವೊಂದು ಮುಚ್ಚಿರುತ್ತದೆ.

ಸೋತ ಬದಿಗೆ ಎದುರಿನ ಬದಿಯ ಮಿದುಳಿನಲ್ಲಿ ಗಾಯವಿರುತ್ತದೆ, ಏಕೆಂದರೆ ಚಲನೆಯ ತಂತುಗಳಲ್ಲಿ ಹೆಚ್ಚಿನವು ಮಿದುಳುಕಾಂಡದ ಕೆಳತುದಿಯಲ್ಲಿ ಅಡ್ಡ ದಾಟುತ್ತವೆ. ಮುಖದ ನರವಷ್ಟೇ ಸೋಲುವ ಮುಖವಾತಕ್ಕೂ ಪಾರ್ಶ್ವವಾಯುವಿಗೂ ಗೊಂದಲವಾಗುವುದುಂಟು. ಮುಖವಾತದಲ್ಲಿ ಆ ಬದಿಯ ಹಣೆಯೂ ಸುಕ್ಕಾಗದು, ಕಣ್ಣೂ ಮುಚ್ಚದು. ಪಾರ್ಶ್ವವಾಯುವಿನಲ್ಲಿ ಹಣೆಗೆ ಎರಡೂ ಬದಿಯ ಮಿದುಳಿನ ಆಸರೆಯಿರುವುದರಿಂದ ಸಾಮಾನ್ಯವಾಗಿ ಬಾಯಿಯಷ್ಟೇ ವಾರೆಯಾಗುತ್ತದೆ. ಈ ತಿಳಿವಳಿಕೆಯನ್ನು ಫೋನಿನಲ್ಲಿ ಹೇಳಲು ಬಳಸಿ, ಮನೆಯಲ್ಲೇ ಉಳಿಯಲು ಬಳಸಬೇಡಿ.

ಮಾತು: ಮನೆಭಾಷೆಯಲ್ಲೇ ನೋಡಿ

ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಕೊಂಕಣಿ, ಭಟ್ಕಳದ ಕಡೆ ನವಾಯತಿ, ಘಟ್ಟದ ಮೇಲೆ ಹವ್ಯಕ, ಕುಮಟಾ ಸುತ್ತಿನಲ್ಲಿ ಹಾಲಕ್ಕಿಗಳ ನುಡಿ. ಆಂಬುಲೆನ್ಸ್ ಸಿಬ್ಬಂದಿ ಶಿಷ್ಟ ಕನ್ನಡದಲ್ಲಿ ಪ್ರಶ್ನೆ ಕೇಳಿ ಉತ್ತರ ಬಾರದಿದ್ದರೆ ಅದು ರೋಗವೋ ಸಂಕೋಚವೋ ತಿಳಿಯುವುದಿಲ್ಲ. ಆದ್ದರಿಂದ ಮಾತಿನ ಪರೀಕ್ಷೆಯನ್ನು ಮನೆಯವರೇ ಮನೆಭಾಷೆಯಲ್ಲಿ ಮಾಡಬೇಕು. ಮೂರು ಸಂಗತಿ ಸಾಕು: "ಇವತ್ತು ಮಳೆ ಬರುವ ಹಾಗಿದೆ" ಎಂಬಂಥ ಒಂದು ವಾಕ್ಯವನ್ನು ಹಿಂದಿರುಗಿ ಹೇಳಿಸುವುದು; ಕೈಸನ್ನೆ ಮಾಡದೆ "ಕಣ್ಣು ಮುಚ್ಚಿ, ಮುಷ್ಟಿ ಹಿಡಿ" ಎನ್ನುವುದು; ಚಮಚ, ಕೀಲಿಕೈ ತೋರಿಸಿ ಹೆಸರು ಕೇಳುವುದು.

ಫಲಿತಾಂಶ ಮೂರು ಬಗೆಯಲ್ಲಿರಬಹುದು. ಶಬ್ದಗಳೆಲ್ಲ ಸರಿಯಿದ್ದು ಉಚ್ಚಾರ ಮಾತ್ರ ಕವಳ ಹಾಕಿಕೊಂಡು ಮಾತಾಡಿದಂತೆ ತೊದಲಾಗಿದ್ದರೆ ಬಾಯಿಯ ಸ್ನಾಯುಗಳ ಹಿಡಿತ ತಪ್ಪಿದೆ. ಇದು ಬಲ, ಎಡ, ಆಳ, ಹಿಂಭಾಗ ಎಲ್ಲಿಯ ಗಾಯದಿಂದಲಾದರೂ ಬರಬಹುದು, ನಾಳವನ್ನು ಗುರುತಿಸಲು ಹೆಚ್ಚು ಸಹಾಯ ಮಾಡದು. ಹೇಳಿದ್ದು ಪೂರ್ತಿ ಅರ್ಥವಾಗುತ್ತಿದ್ದು, ಉತ್ತರಿಸಹೊರಟಾಗ ಒಂದೆರಡು ಶಬ್ದವಷ್ಟೇ ಹೊರಬಂದು, ಬಾರದ್ದಕ್ಕೆ ರೋಗಿ ತಾನೇ ಹತಾಶರಾಗುತ್ತಿದ್ದರೆ ಎಡ ನಡುಧಮನಿಯ ಮೇಲ್ಗವಲು. ಬಲಗೈ ಬಲಮುಖದ ಸೋಲು ಸಾಧಾರಣವಾಗಿ ಜತೆಗಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಮೋಸಗೊಳಿಸುವುದು. ಮಾತು ನೀರು ಹರಿದಂತೆ ಬರುತ್ತದೆ, ಅದರಲ್ಲಿ ಅರ್ಥವಿರುವುದಿಲ್ಲ. ಚಮಚಕ್ಕೆ ಬೇರೇನೋ ಹೆಸರು, ಇಲ್ಲದ ಪದಗಳು. ನಾವು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ, ತಿಳಿಯುತ್ತಿಲ್ಲವೆಂಬುದೂ ಅವರಿಗೆ ತಿಳಿಯುವುದಿಲ್ಲ. ಎಡ ನಡುಧಮನಿಯ ಕೆಳಗವಲು ಮುಚ್ಚಿದಾಗ ಹೀಗಾಗುತ್ತದೆ, ಕೈಕಾಲಿನ ಬಲ ಬಹುತೇಕ ಉಳಿದಿರುತ್ತದೆ. ತಲೆ ಕೆಟ್ಟಿತು, ಮೈಮೇಲೆ ಏನೋ ಬಂತು ಎಂದು ಇಂಥವರನ್ನು ಬೇರೆಲ್ಲಿಗೋ ಕರೆದೊಯ್ದು ಹೊತ್ತು ಕಳೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಒಮ್ಮೆಲೇ ಅಸಂಬದ್ಧ ಮಾತಾಡಿದರೆ ಮೊದಲು ಸಂಶಯಿಸಬೇಕಾದ ಸಂಗತಿಗಳಲ್ಲಿ ಪಾರ್ಶ್ವವಾಯುವೂ ಒಂದು.

ಬಲ ಅರೆಗೋಳದ ಕಥೆ ಬೇರೆ. ಮಾತು ಉಳಿಯುತ್ತದೆ, ಆದರೆ ಜಗತ್ತಿನ ಎಡ ಅರ್ಧವೇ ಲೆಕ್ಕದಿಂದ ಹೊರಬೀಳುತ್ತದೆ. ಬಾಳೆಯೆಲೆಯ ಬಲಬದಿಯ ಅನ್ನ ಉಂಡು ಎಡಬದಿಯದನ್ನು ಹಾಗೇ ಬಿಟ್ಟು ಏಳುತ್ತಾರೆ. ಅಡಿಕೆ ಸುಲಿಯುತ್ತಿದ್ದ ಆ ಹೆಂಗಸು "ಎಂತದೂ ಆಜಿಲ್ಲೆ" ಎಂದದ್ದು ಧೈರ್ಯದ ಮಾತಾಗಿರಲಿಲ್ಲ. ಆಗಿದೆಯೆಂದು ತಿಳಿಯಬೇಕಾದ ಮಿದುಳಿನ ಭಾಗವೇ ರಕ್ತವಿಲ್ಲದೆ ಮೌನವಾಗಿತ್ತು. ರೋಗಿಯ ಮಾತನ್ನು ನಂಬಿ ಸುಮ್ಮನಿರಬಾರದ ಸಂದರ್ಭವೊಂದಿದ್ದರೆ ಇದು.

ಕಣ್ಣು

ಎರಡೂ ಕಣ್ಣುಗುಡ್ಡೆ ಒಂದೇ ಕಡೆಗೆ ವಾಲಿವೆಯೇ ನೋಡಿ. ನಡುಧಮನಿಯ ದೊಡ್ಡ ತಡೆಯಲ್ಲಿ ಕಣ್ಣುಗಳು ಗಾಯವಾದ ಮಿದುಳಿನ ಕಡೆಗೆ, ಎಂದರೆ ಸೋತ ಕೈಕಾಲಿಗೆ ವಿರುದ್ಧವಾಗಿ ನೋಡುತ್ತವೆ. ಸೋತ ಕೈಯ ಕಡೆಗೇ ನೋಡುತ್ತಿದ್ದರೆ ಗಾಯ ಮಿದುಳುಕಾಂಡದಲ್ಲಿರಬಹುದು, ಅಥವಾ ಅದು ಅಪಸ್ಮಾರವಿರಬಹುದು. ಕೈ ಸೋಲಿನ ಜತೆ ಕಣ್ಣು ವಾಲಿದ್ದರೆ ಅಥವಾ ಮಾತಿನ ಅರ್ಥ ಹೋಗಿದ್ದರೆ ದೊಡ್ಡ ನಾಳವೇ ಕಟ್ಟಿರುವ ಸಂಭವ ಹೆಚ್ಚು. ಫೋನಿನಲ್ಲಿ ಈ ಸಂಗತಿಯನ್ನು ಮರೆಯದೆ ಹೇಳಿ, ಏಕೆಂದರೆ ದೊಡ್ಡ ಹೆಪ್ಪಿಗೆ ಚುಚ್ಚುಮದ್ದೊಂದೇ ಹಲವು ಸಲ ಸಾಲುವುದಿಲ್ಲ.

ಮುಂದಿನದು ದೃಷ್ಟಿ. "ಬಲಗಣ್ಣು ಕಾಣುತ್ತಿಲ್ಲ" ಎಂದು ರೋಗಿ ಹೇಳಿದರೆ ಅಷ್ಟಕ್ಕೇ ನಿಲ್ಲಿಸದೆ ಒಂದೊಂದೇ ಕಣ್ಣು ಮುಚ್ಚಿಸಿ ಕೇಳಬೇಕು. ಬಲಗಣ್ಣು ಮುಚ್ಚಿದಾಗ ಎಡಗಣ್ಣಿಗೆ ಎಲ್ಲವೂ ಕಾಣುತ್ತಿದ್ದು, ಬಲಗಣ್ಣಿಗೆ ಮಾತ್ರ ಪರದೆ ಇಳಿಬಿಟ್ಟಂತೆ ಕತ್ತಲಾದರೆ ತೊಂದರೆ ಕಣ್ಣಿಗೆ ಹೋಗುವ ನಾಳದಲ್ಲಿದೆ. ಆ ನಾಳ ಅದೇ ಬದಿಯ ಕೆರೋಟಿಡ್‌ನ ಮೊದಲ ದೊಡ್ಡ ಕವಲು. ಕೆಲವು ನಿಮಿಷಗಳಲ್ಲಿ ಪರದೆ ಸರಿದು ಬೆಳಕು ಬಂದರೂ ಕತ್ತಿನ ಕೆರೋಟಿಡ್ ಕೊಬ್ಬು ಕಟ್ಟಿ ಕಿರಿದಾಗಿರಬಹುದೆಂಬ ಎಚ್ಚರಿಕೆ ಅದು. ಯಾವ ಕಣ್ಣು ಮುಚ್ಚಿದರೂ ಬಲಬದಿಯ ದೃಶ್ಯವೇ ಇಲ್ಲವಾದರೆ ಕಣ್ಣು ಸರಿಯಿದೆ, ನೋಡುವ ಮಿದುಳು ಸೋತಿದೆ. ಕೈಕಾಲು ಗಟ್ಟಿಯಾಗಿದ್ದು ಇದೊಂದೇ ಲಕ್ಷಣವಿದ್ದರೆ ಅದು ಹೆಚ್ಚಾಗಿ ಎಡ ಹಿಂಧಮನಿಯದು. ಬೈಕನ್ನು ಗೇಟಿನ ಬಲಗಂಬಕ್ಕೆ ಎರಡು ಸಲ ತಾಗಿಸಿದ ಮೇಲೆ ಕನ್ನಡಕ ಬದಲಿಸಲು ಹೋದ ನಿವೃತ್ತ ಶಿಕ್ಷಕರೊಬ್ಬರು ನನಗೆ ನೆನಪಾಗುತ್ತಾರೆ. ಅವರು ತಮ್ಮ ಹೆಸರನ್ನು ಮೊದಲಿನ ಅಂದವಾದ ಅಕ್ಷರದಲ್ಲೇ ಬರೆದುಕೊಟ್ಟರು. ಬರೆದುದನ್ನು ಓದಲು ಹೇಳಿದರೆ ಓದಲಾಗಲಿಲ್ಲ. ಎಡ ಹಿಂಧಮನಿ ಮುಚ್ಚಿ, ಎರಡು ಅರೆಗೋಳಗಳ ನಡುವಿನ ಸೇತುವೆಯ ಹಿಂತುದಿಯೂ ಸೊರಗಿದಾಗ ಅಕ್ಷರ ಕಂಡರೂ ಅದು ಓದಿನ ಕೇಂದ್ರವನ್ನು ತಲುಪುವುದಿಲ್ಲ.

ನಡಿಗೆ: ನಾನೇ ತಪ್ಪಿದ ಜಾಗ

ಪಾರ್ಶ್ವವಾಯುವನ್ನು ಗುರುತಿಸುವ ಇಂಗ್ಲಿಷಿನ 'ಫಾಸ್ಟ್' ಸೂತ್ರದಲ್ಲಿ ಮುಖ, ಕೈ, ಮಾತು, ಸಮಯ ಇಷ್ಟೇ ಇದ್ದವು. ಮಿದುಳಿನ ಹಿಂಭಾಗದ ನಾಳಗಳ ತಡೆ ಅದರ ಕಣ್ಣಿಗೆ ಬೀಳದೆ ಹೋಗುತ್ತಿದ್ದುದರಿಂದ ಸಮತೋಲವನ್ನೂ ಕಣ್ಣನ್ನೂ ಸೇರಿಸಿ 'ಬಿ ಫಾಸ್ಟ್' ಮಾಡಿದರು. ಅದು ಏಕೆ ಬೇಕಾಯಿತೆಂಬುದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಒಬ್ಬ ಮೀನುಗಾರರಿಂದ ಕಲಿತೆ.

ಮಳೆಗಾಲದ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ವಾರ. ಐವತ್ತರ ಆಸುಪಾಸಿನ ಗಂಡಸು ನಸುಕಿನಲ್ಲಿ ತಲೆ ತಿರುಗಿ ವಾಂತಿ ಮಾಡುತ್ತ ಬಂದರು. ಕೈಕಾಲು ಗಟ್ಟಿಯಿತ್ತು, ಮುಖ ನೆಟ್ಟಗಿತ್ತು, ಮಾತು ಸ್ಪಷ್ಟವಿತ್ತು. "ಇವರು ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು, ಒಂದು ದಿನ ವಾಂತಿ ಮಾಡಿದ್ದಿಲ್ಲ" ಎಂದು ಹೆಂಡತಿ ಎರಡು ಸಲ ಹೇಳಿದರು. ನಾನು ಒಳಕಿವಿಯ ತೊಂದರೆಯೆಂದು ಚುಚ್ಚುಮದ್ದು ಕೊಟ್ಟು ಮಲಗಿಸಿದೆ, ಸ್ವಲ್ಪ ಇಳಿದ ಮೇಲೆ ಕಳುಹಿಸಿದೆ. ಎಬ್ಬಿಸಿ ನಡೆಸಿ ನೋಡಲಿಲ್ಲ. ಮರುದಿನ ಬಂದಾಗ ಸ್ವರ ಒಡೆದಿತ್ತು, ಗಂಜಿಯ ತಿಳಿ ಮೂಗಿಗೆ ಬರುತ್ತಿತ್ತು, ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ಎಡ ರೆಪ್ಪೆ ಸ್ವಲ್ಪ ಇಳಿದಿತ್ತು. ಮುಖದ ಎಡಬದಿಗೆ ಬಿಸಿನೀರು ಬಿಸಿಯೆನಿಸುತ್ತಿರಲಿಲ್ಲ, ಮೈಯಲ್ಲಿ ಬಲಬದಿಗೆ ಬಿಸಿ ತಿಳಿಯುತ್ತಿರಲಿಲ್ಲ. ಎಡ ವರ್ಟಿಬ್ರಲ್ ಧಮನಿ ಕಟ್ಟಿ ಮಿದುಳುಕಾಂಡದ ಕೆಳತುಂಡಿನ ಅಂಚು ಸತ್ತಿತ್ತು. ಬೆರಳಿನ ಅಗಲವೂ ಇಲ್ಲದ ಆ ಜಾಗದಲ್ಲಿ ನುಂಗುವ, ಸ್ವರದ, ಸಮತೋಲದ ಮತ್ತು ಬಿಸಿ ತಣ್ಣನೆಯ ತಂತುಗಳು ಒತ್ತೊತ್ತಾಗಿವೆ. ಮುಖದ ತಂತುಗಳು ಆ ಮಟ್ಟದಲ್ಲಿ ಅದೇ ಬದಿಯಲ್ಲಿ, ಮೈಯ ತಂತುಗಳು ಆಗಲೇ ಎದುರಿನಿಂದ ದಾಟಿ ಬಂದಿರುವುದರಿಂದ ಲಕ್ಷಣ ಹೀಗೆ ಅಡ್ಡಡ್ಡವಾಗಿ ಹಂಚಿಹೋಗುತ್ತದೆ.

ಆ ದಿನದಿಂದ ತಲೆ ತಿರುಗುವವರನ್ನೆಲ್ಲ ನಾನು ನಡೆಸಿ ನೋಡುತ್ತೇನೆ. ಮನೆಯಲ್ಲಿ ನೀವೂ ಇಬ್ಬರು ಎರಡು ಬದಿಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಸಿ. ಒಳಕಿವಿಯ ತೊಂದರೆಯಿರುವವರು ತೂರಾಡಿದರೂ ಹೇಗೋ ಹೆಜ್ಜೆಯಿಡುತ್ತಾರೆ. ಹಿಡಿಯದೆ ನಿಲ್ಲಲೂ ಕೂರಲೂ ಆಗದೆ ಒಂದೇ ಬದಿಗೆ ಕುಸಿಯುತ್ತಿದ್ದರೆ ಕಿರುಮಿದುಳನ್ನು ಸಂಶಯಿಸಬೇಕು. ಹೊಸದಾಗಿ ಎರಡೆರಡು ಕಾಣುವುದು, ತೊದಲು, ನುಂಗಲಾಗದಿರುವುದು, ಹಿಂದೆಂದೂ ಇಲ್ಲದ ತೀವ್ರವಾದ ಹಿಂದಲೆ ನೋವು ಇವುಗಳಲ್ಲಿ ಒಂದು ತಲೆಸುತ್ತಿನ ಜತೆಗಿದ್ದರೂ ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತ ಕೂರಬೇಡಿ. ಕಿರುಮಿದುಳಿನ ದೊಡ್ಡ ಗಾಯ ಮುಂದಿನ ದಿನಗಳಲ್ಲಿ ಬಾತುಕೊಂಡು ಮಿದುಳುಕಾಂಡವನ್ನು ಒತ್ತಬಹುದು. ಇನ್ನು ಬೇಸಿಲರ್ ಧಮನಿಯೇ ಮುಚ್ಚಿದರೆ ಎಚ್ಚರ ತಪ್ಪಬಹುದು, ನಾಲ್ಕೂ ಕೈಕಾಲು ಬೀಳಬಹುದು. ಕೆಲವರಲ್ಲಿ ಪೂರ್ತಿ ಎಚ್ಚರವಿದ್ದೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು ಮತ್ತು ರೆಪ್ಪೆ ಮಿಟುಕಿಸುವುದು ಬಿಟ್ಟು ಬೇರೇನೂ ಸಾಧ್ಯವಾಗುವುದಿಲ್ಲ. ಅಂಥವರ ಹಾಸಿಗೆಯ ಬಳಿ ಅವರ ಬಗ್ಗೆ ಏನನ್ನೂ ಮಾತಾಡುವ ಮೊದಲು ಕಣ್ಣು ಮಿಟುಕಿಸಲು ಹೇಳಿ ನೋಡಿ.

ಕಾಯುವಾಗ

ಬಾಯಿಗೆ ನೀರು, ಕಷಾಯ, ಮಾತ್ರೆ ಯಾವುದನ್ನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಹೃದಯಾಘಾತಕ್ಕೆ ಕೊಡುವಂತೆ ಇಲ್ಲಿ ಆಸ್ಪಿರಿನ್ ಕೊಡಬಾರದು. ನಾಳ ಕಟ್ಟಿದ್ದಕ್ಕೂ ನಾಳ ಒಡೆದು ರಕ್ತ ಸುರಿದದ್ದಕ್ಕೂ ಹೊರಗಿನ ಲಕ್ಷಣ ಒಂದೇ ರೀತಿ ಇರಬಲ್ಲದು, ಎರಡನ್ನೂ ಬೇರ್ಪಡಿಸುವುದು ಸಿ.ಟಿ. ಸ್ಕ್ಯಾನ್. ಬಿ.ಪಿ. ಏರಿದ್ದು ಕಂಡರೆ ಮನೆಯಲ್ಲಿರುವ ಮಾತ್ರೆ ಕೊಟ್ಟು ಇಳಿಸಲು ಹೋಗಬೇಡಿ; ಬಾಡಿದ ಅಂಚಿಗೆ ಆ ಒತ್ತಡದಿಂದಲೇ ಅಷ್ಟಿಷ್ಟು ರಕ್ತ ತಲುಪುತ್ತಿರಬಹುದು. ಗ್ಲೂಕೋಮೀಟರ್ ಇದ್ದರೆ ಸಕ್ಕರೆ ನೋಡಿ, ಏಕೆಂದರೆ ಸಕ್ಕರೆ ತೀರಾ ಇಳಿದರೂ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ವಾಂತಿಯಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಔಷಧಿಯ ಚೀಟಿಗಿಂತ ಔಷಧಿಯ ಚೀಲವನ್ನೇ ಒಯ್ಯಿರಿ. ರಕ್ತ ತಿಳಿಯಾಗಿಸುವ ಮಾತ್ರೆಯಿದ್ದರೆ ಕೊನೆಯ ಸಲ ಯಾವಾಗ ನುಂಗಿದರೆಂದು ಬರೆದುಕೊಳ್ಳಿ. ರೋಗಿಯ ತೂಕವೂ ಗೊತ್ತಿರಲಿ, ಚುಚ್ಚುಮದ್ದಿನ ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಹೋದ ಕೂಡಲೇ ತೆಗೆದ ಸಿ.ಟಿ. "ನಾರ್ಮಲ್" ಎಂದು ಬಂದರೆ ಮನೆಗೆ ಹೊರಡಬೇಡಿ. ಮೊದಲ ಗಂಟೆಗಳಲ್ಲಿ ಕಟ್ಟಿದ ನಾಳದ ಗಾಯ ಸಾದಾ ಸಿ.ಟಿ.ಯಲ್ಲಿ ಕಾಣದಿರುವುದು ಸಾಮಾನ್ಯ, ರಕ್ತಸ್ರಾವ ಇಲ್ಲವೆಂಬುದಷ್ಟೇ ಅದರಿಂದ ತಿಳಿದಂತಾಯಿತು.

ದಾರಿಯ ಲೆಕ್ಕ

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ, ಕೇಳುವುದಕ್ಕೆ ಈ ಕಾಯಿಲೆಯೇ ಸಾಕಷ್ಟು ಕಾರಣ. ಅದು ಬರುವವರೆಗೆ ಶಿರಸಿಯವರು ನೂರು ಕಿಲೋಮೀಟರಿಗೂ ಮಿಕ್ಕಿದ ಹುಬ್ಬಳ್ಳಿಯ ಕಡೆಗೆ, ಭಟ್ಕಳ ಹೊನ್ನಾವರದವರು ಮಣಿಪಾಲದ ಕಡೆಗೆ, ಕಾರವಾರದವರು ಗೋವಾದ ಬಾಂಬೋಳಿಯ ಕಡೆಗೆ ಹೊರಡುತ್ತಾರೆ. ನಾಲ್ಕೂವರೆ ಗಂಟೆಯೆಂದರೆ 270 ನಿಮಿಷ. ಗುರುತಿಸಲು, ವಾಹನ ಬರಲು, ಸ್ಕ್ಯಾನ್ ಆಗಲು ಹೋದ ನಿಮಿಷ ಕಳೆದರೆ ದಾರಿಗೆ ಉಳಿಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಮುಚ್ಚಿದ್ದರೆ ಲೆಕ್ಕವೇ ಬದಲಾಗುತ್ತದೆ.

ಹಾಗಾಗಿ ಆರೋಗ್ಯವಾಗಿರುವ ದಿನವೇ ಹತ್ತಿರದ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿಟ್ಟುಕೊಳ್ಳಿ: ರಾತ್ರಿಯೂ ಸಿ.ಟಿ. ನಡೆಯುತ್ತದೆಯೇ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆಯೇ, ಹೆಪ್ಪು ಹೊರಗೆಳೆಯುವ ಸೌಕರ್ಯವಿದೆಯೇ. ಸಿ.ಟಿ.ಯೂ ಚುಚ್ಚುಮದ್ದೂ ಎರಡೂ ಇರುವ ಜಾಗ ದಾರಿಯಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಮುಂದಕ್ಕೆ ಹೊರಡುವುದು ಬಹಳ ಸಲ ಸರಿಯಾದ ದಾರಿ. ಎರಡೂ ಇಲ್ಲದ ಕಡೆ ಡ್ರಿಪ್ ಹಾಕಿಸಿಕೊಂಡು ಒಂದು ಗಂಟೆ ನಿಲ್ಲುವುದರಿಂದ ಏನೂ ಸಿಗುವುದಿಲ್ಲ. ಹೊರಡುವಾಗ ಮುಂದಿನ ಆಸ್ಪತ್ರೆಗೆ ಹೀಗೆ ಹೇಳಿ: "62 ವರ್ಷ, 70 ಕಿಲೋ. ಬೆಳಿಗ್ಗೆ 6.40ರವರೆಗೆ ಸರಿಯಿದ್ದರು. ಬಲಗೈ, ಬಲಮುಖ ಸೋತಿವೆ, ಕಾಲು ಸ್ವಲ್ಪ ಎತ್ತುತ್ತಾರೆ. ಹೇಳಿದ್ದು ತಿಳಿಯುತ್ತಿಲ್ಲ. ಕಣ್ಣು ಎಡಕ್ಕೆ ವಾಲಿವೆ. ಸಕ್ಕರೆ 140. ರಕ್ತ ತಿಳಿಯಾಗಿಸುವ ಮಾತ್ರೆ ಇಲ್ಲ. 9 ಗಂಟೆಗೆ ತಲುಪುತ್ತೇವೆ." ಇಷ್ಟು ಕೇಳಿದ ನರರೋಗ ತಜ್ಞರ ಕಣ್ಣ ಮುಂದೆ ಎಡ ನಡುಧಮನಿಯ ಚಿತ್ರ ಆಗಲೇ ಬಂದಿರುತ್ತದೆ, ಸ್ಕ್ಯಾನ್ ಕೋಣೆಯನ್ನು ಸಿದ್ಧವಾಗಿಡಲು ಅವರಿಗೆ ಹೊತ್ತು ಸಿಗುತ್ತದೆ.

ಲಕ್ಷಣ ಹತ್ತು ನಿಮಿಷಕ್ಕೆ ತಾನಾಗಿಯೇ ಮಾಯವಾದರೂ ಇದೇ ಕ್ರಮ. ಹೆಪ್ಪು ಪುಡಿಯಾಗಿ ಮುಂದೆ ಸರಿದಿರಬಹುದು, ಅದು ಹೊರಟ ಜಾಗ, ಎಂದರೆ ಕತ್ತಿನ ಕಿರಿದಾದ ಕೆರೋಟಿಡ್ ಅಥವಾ ಲಯ ತಪ್ಪಿದ ಹೃದಯ, ಹಾಗೆಯೇ ಇರುತ್ತದೆ. ನಿಜವಾದ ಪಾರ್ಶ್ವವಾಯು ಬಡಿಯುವ ಅಪಾಯ ಅದರ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಅದೇ ದಿನ ಹೋಗಿ, ಕತ್ತಿನ ನಾಳಗಳ ಸ್ಕ್ಯಾನ್ ಮತ್ತು ಇಸಿಜಿ ಆಗುವವರೆಗೆ ಹಿಂದಿರುಗಬೇಡಿ. ಆ ಹತ್ತು ನಿಮಿಷದಲ್ಲಿ ಯಾವ ಕೈ, ಯಾವ ಕಣ್ಣು, ಎಂಥ ಮಾತು ಎಂಬುದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಟ್ಟು, ಹೋಗುವಾಗ ಆ ಹಾಳೆಯನ್ನೇ ಹರಿದುಕೊಂಡು ಒಯ್ಯಿರಿ.